ಫೆಸ್ಟಿವ್ ವ್ಯೂನಲ್ಲಿ ಟಿವಿ ಇರಲಿಲ್ಲ

ನಮ್ಮ ಇಂಟೀರಿಯರ್ ಡಿಸೈನ್ ಕಂಪನಿಗೆ ಹೊಸ ಕ್ಲೈಂಟ್ ಬಂದರೆ ಮೊದಲು ಸ್ಟೈಲ್ ಕ್ವಿಜ್. ಕೈಗೆ ಟ್ಯಾಬ್ ಕೊಡುತ್ತೇವೆ. ಫೋಟೋಗಳ ಮೇಲೆ ಹಾರ್ಟ್ ಒತ್ತುತ್ತಾ ಹೋದರೆ ಕೊನೆಗೆ 'ನಿಮ್ಮದು ಜಪಾಂಡಿ', 'ನಿಮ್ಮದು ಬೋಹೋ' ಅಂತ ಜಾತಕ ಬರೆದ ಹಾಗೆ ಒಂದು ಮೂಡ್‌ಬೋರ್ಡ್ ಹೊರಬೀಳುತ್ತದೆ. ಅದರಲ್ಲಿ 'ಫೆಸ್ಟಿವ್' ಅನ್ನೋ ಟ್ಯಾಗ್ ಒತ್ತಿದರೆ ಬರುತ್ತಿದ್ದದ್ದು ಬೆಂಕಿಗೂಡು, ಅದರ ಮೇಲೆ ಪೈನ್ ಎಲೆಯ ಹಾರ, ನೇತುಹಾಕಿದ ಉಣ್ಣೆಯ ಕಾಲುಚೀಲ. ಬನಶಂಕರಿಯ ಟೂ ಬಿಎಚ್‌ಕೆಯಲ್ಲಿ ಬೆಂಕಿಗೂಡು ಎಲ್ಲಿ ಕಟ್ಟೋದು ಸ್ವಾಮಿ ಅಂತ ನಾನು ಆಫೀಸಿನ ರಿವ್ಯೂನಲ್ಲಿ ಗೊಣಗಿದ ಮೇಲೆ ಮ್ಯಾನೇಜ್‌ಮೆಂಟ್‌ಗೆ ಜ್ಞಾನೋದಯವಾಗಿ, ದಸರಾ ಕ್ಯಾಂಪೇನ್‌ಗೆ ಹೊಸ ಮಾಡ್ಯೂಲ್ ಬಂತು.

ಮಾಡ್ಯೂಲ್ ಏನೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ತಗ್ಗಾದ ಟಿವಿ ಕನ್ಸೋಲ್. ಅದರ ಒಳಗಿಂದ ಎರಡು ಮೆಟ್ಟಿಲು, ಡ್ರಾಯರ್ ಹಾಗೆ, ಜಾರುವ ಚಾನೆಲ್ ಮೇಲೆ ಮುಂದಕ್ಕೆ ಬರುತ್ತವೆ, ಕನ್ಸೋಲ್‌ನ ಟಾಪ್ ಮೂರನೇ ಮೆಟ್ಟಿಲು. ವರ್ಷವಿಡೀ ಟಿವಿ ಯೂನಿಟ್, ನವರಾತ್ರಿಗೆ ಗೊಂಬೆ ಮೆಟ್ಟಿಲು. ಸೇಲ್ಸ್‌ನವರು ಅದನ್ನು ಬಿಸಿ ಬೋಂಡದಂತೆ ಮಾರಿದರು.

ನನ್ನ ಪಾಲಿಗೆ ಬಂದ ಮನೆಯಲ್ಲಿ ಮಗ, ಸೊಸೆ, ಅವರ ಮಗು, ತಾಯಿ. ಡಿಸೈನ್‌ಗೆ ಒಪ್ಪಿಗೆ ಪಡೆಯುವ ಸೈನ್‌ಆಫ್ ದಿನ ದೊಡ್ಡ ಸ್ಕ್ರೀನ್ ಮೇಲೆ ರೆಂಡರ್, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ, ಹಾಕಿದೆ. ಮೊದಲು ಎವೆರಿಡೇ ವ್ಯೂ, ಆಮೇಲೆ ಫೆಸ್ಟಿವ್ ವ್ಯೂ. ಎರಡನೆಯದರಲ್ಲಿ ಮೆಟ್ಟಿಲ ಮೇಲೆ ಸಾಫ್ಟ್‌ವೇರ್ ಲೈಬ್ರರಿಯಿಂದ ಎಳೆದು ತಂದ ಬಿಳಿ ಪಿಂಗಾಣಿ ಬೊಂಬೆಗಳು, ಹಿಂದೆ ನುಣುಪಾದ ಗೋಡೆ. ಆ ತಾಯಿ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: "ಟಿವಿ ಎಲ್ಲಮ್ಮಾ?"

ಪಾಪ, ಸೀರಿಯಲ್ ಚಿಂತೆ ಅಂದುಕೊಂಡೆ. "ಟಿವಿ ಇರತ್ತೆ ಆಂಟಿ, ನೋಡಿ" ಅಂತ ಹಿಂದಿನ ಸ್ಲೈಡ್‌ಗೆ ಹೋಗಿ ತೋರಿಸಿದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗ ಪೇಮೆಂಟ್ ಶೆಡ್ಯೂಲ್ ಕೇಳಿದ, ನಾನು ಅತ್ತ ತಿರುಗಿದೆ. ಫೆಸ್ಟಿವ್ ವ್ಯೂನಲ್ಲಿ ಚಿತ್ರ ಸ್ವಚ್ಛವಾಗಿ ಬರಲಿ ಅಂತ ಟಿವಿ ಲೇಯರ್ ಆಫ್ ಮಾಡಿ ರೆಂಡರ್ ಹೊಡೆದಿದ್ದೆ. ಆಫೀಸಿನಲ್ಲಿ ಎಲ್ಲರೂ ಹಾಗೇ ಮಾಡೋದು.

ಹ್ಯಾಂಡೋವರ್ ಎಳೆದೂ ಎಳೆದೂ ಮಹಾಲಯ ಅಮಾವಾಸ್ಯೆಗೆ ಬಂತು. ಭಾನುವಾರ ಮಧ್ಯಾಹ್ನ. ಮಾರನೇ ದಿನ ಪಾಡ್ಯ, ಸೋಮವಾರ, ಏಳೂವರೆಗೆ ರಾಹುಕಾಲ ಶುರು. ಅದಕ್ಕೆ ಮುಂಚೆ ಕಲಶ ಇಡಬೇಕು, ಹಾಗಾಗಿ ರಾತ್ರಿಯೇ ಗೊಂಬೆ ಜೋಡಿಸಬೇಕು. ನಾನು ಸ್ನ್ಯಾಗ್ ಲಿಸ್ಟ್, ಅಂದರೆ ಸರಿಪಡಿಸಬೇಕಾದ ಸಣ್ಣಪುಟ್ಟ ದೋಷಗಳ ಪಟ್ಟಿ, ಟಿಕ್ ಮಾಡುತ್ತಿದ್ದೆ. ಆ ತಾಯಿ ಟ್ರಂಕ್ ತೆಗೆದರು. ಹಳೇ ಪಂಚೆ ತುಂಡುಗಳಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು. ರಕ್ತಚಂದನದವು, ಒಂದಡಿಗಿಂತ ಎತ್ತರ. ಅವರ ಮದುವೆಯಲ್ಲಿ ತವರಿನವರು ಕೊಟ್ಟದ್ದಂತೆ. ರಾಣಿಯ ಮೂಗಿನ ತುದಿ ಸವೆದು ಹೊಳೆಯುತ್ತಿತ್ತು. ರಾಜನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕನ್ಸೋಲ್ ಹತ್ತಿರ ಬಂದು ನಿಂತರು.

ಕನ್ಸೋಲ್ ಟಾಪ್‌ಗೂ ಐವತ್ತೈದು ಇಂಚಿನ ಟಿವಿಯ ಕೆಳ ಅಂಚಿಗೂ ನಡುವೆ ಗೇಣುದ್ದವೂ ಜಾಗ ಇರಲಿಲ್ಲ.

"ಅವತ್ತೇ ಕೇಳಿದ್ನಲ್ಲಮ್ಮಾ, ಟಿವಿ ಎಲ್ಲಿ ಅಂತ."

ಮಗ ಒಳ್ಳೆಯವನು, ನನ್ನನ್ನು ಉಳಿಸಲು ನೋಡಿದ. "ಅಮ್ಮಾ, ಈ ವರ್ಷ ರಾಜ ರಾಣಿ ಎರಡನೇ ಮೆಟ್ಟಿಲಲ್ಲಿ ಕೂತ್ರೆ?" ಅವರು ಅವನ ಕಡೆ ನೋಡಲೂ ಇಲ್ಲ. "ಹೌದಪ್ಪಾ, ರಾಜನ್ನ ಕೆಳಗಿಳಿಸಿ ಸೆಟ್ಟಿ ಅಂಗಡೀನ ಮೇಲೆ ಕೂರಿಸೋಣ."

ಸೈಟ್ ಕೆಲಸ ನೋಡಿಕೊಳ್ಳುವ ನಮ್ಮ ಆಪ್ಸ್ ಟೀಮ್‌ಗೆ ಫೋನ್ ಮಾಡಿದೆ. ಟಿಕೆಟ್ ರೈಸ್ ಮಾಡಿ, 48 ಗಂಟೆ ಎಸ್‌ಎಲ್‌ಎ ಅಂದರು, ಅಂದರೆ ಕೆಲಸ ಮುಗಿಸಲು ಅವರಿಗಿರುವ ಗಡುವು. ಟಿವಿ ಕಂಪನಿಯವರು ಬರದೆ ಮೌಂಟ್ ಮುಟ್ಟಬಾರದಂತೆ, ವಾರಂಟಿ ಹೋಗುತ್ತಂತೆ. ನಾನು ಬಾಲ್ಕನಿಯಲ್ಲಿ ಪಿಸುಗುಟ್ಟುತ್ತಾ ಜಗಳವಾಡುತ್ತಿದ್ದಷ್ಟು ಹೊತ್ತೂ ಅವರು ರಾಜನನ್ನು ಕೆಳಗಿಡಲಿಲ್ಲ. ಮಗುವನ್ನು ಎತ್ತಿಕೊಂಡಂತೆ ಅಲ್ಲೇ ನಿಂತಿದ್ದರು. ಕೊನೆಗೆ ಕೆಳಗೆ ಟೀ ಕುಡಿಯುತ್ತಿದ್ದ ನಮ್ಮ ಕಾರ್ಪೆಂಟರ್ ಅಣ್ಣನನ್ನು ಕರೆದೆ. ಅವನು ಟಿವಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಮಗನನ್ನು ಒಂದು ಕಡೆ ಹಿಡಿಯಲು ಹೇಳಿ ಎತ್ತಿಯೇಬಿಟ್ಟ.

ಟಿವಿ ಇಳಿಯಿತು, ಮಾನ ಹೋಯಿತು. ಹಿಂದೆ ಲ್ಯಾಮಿನೇಟ್ ಇಲ್ಲದ ಬೋಳು ಪ್ಲೈ, ನಡುವೆ ತೂತು, ಅದರಿಂದ ಹೊರಬಂದ ವೈರ್ ಗೊಂಚಲು. ಟಿವಿ ಹಿಂದೆ ಯಾರು ನೋಡ್ತಾರೆ ಅಂತ ಜಿಎಫ್‌ಸಿ ಡ್ರಾಯಿಂಗ್‌ನಲ್ಲಿ, ಅಂದರೆ ಕೆಲಸಕ್ಕೆ ಕೊಡುವ ಕೊನೆಯ ನಕ್ಷೆಯಲ್ಲಿ, ಆ ಭಾಗದ ಲ್ಯಾಮಿನೇಟ್ ತೆಗೆದದ್ದಕ್ಕೆ ರಿವ್ಯೂನಲ್ಲಿ ನನಗೆ ಶಹಬ್ಬಾಸ್ ಸಿಕ್ಕಿತ್ತು.

ಆ ತಾಯಿ ಮಾತಾಡದೆ ಟ್ರಂಕ್ ತಳದಿಂದ ಮಾವಿನಕಾಯಿ ಅಂಚಿನ ಒಂದು ಮರೂನ್ ರೇಷ್ಮೆ ಸೀರೆ ತೆಗೆದರು. ಮೌಂಟ್‌ನ ಬ್ರಾಕೆಟ್ಟಿಗೇ ದಾರ ಕಟ್ಟಿ ಇಳಿಬಿಟ್ಟರು. ತೂತು, ವೈರ್, ನನ್ನ ಶಹಬ್ಬಾಸ್ ಎಲ್ಲ ಮುಚ್ಚಿತು. ಆದರೆ ಪ್ರೊಫೈಲ್ ಲೈಟ್ ಹಾಕಿದರೆ ಜರಿ ಬೂದಿ ಬಳಿದ ಹಾಗೆ. 4000 ಕೆಲ್ವಿನ್‌ನ ಬಿಳಿ ಬೆಳಕು ನಮ್ಮ ಸ್ಟ್ಯಾಂಡರ್ಡ್, ಬಿಳಿ ಲ್ಯಾಮಿನೇಟ್ ಚೆನ್ನಾಗಿ ಕಾಣಲಿ ಅಂತ. ಅಣ್ಣನ ಗಾಡಿಯಲ್ಲಿ ಯಾವುದೋ ಸೈಟಿನಲ್ಲಿ ಮಿಕ್ಕಿದ್ದ 3000ದ, ಹಳದಿ ಬೆಳಕಿನ ಸ್ಟ್ರಿಪ್ ಇತ್ತು. ಹಾಕಿದೆವು, ಜರಿಗೆ ಜೀವ ಬಂತು. ಮೆಟ್ಟಿಲ ಆಳ ಬರೀ ಎಂಟು ಇಂಚು, ಅಂಬಾರಿ ಆನೆಯ ಸೊಂಡಿಲು ಆಚೆ ಚಾಚಿಕೊಂಡಿತು. ಅವರೇ ಆನೆಯನ್ನು ಪಕ್ಕಕ್ಕೆ ತಿರುಗಿಸಿ, ಜಂಬೂಸವಾರಿ ಮೆಟ್ಟಿಲ ಉದ್ದಕ್ಕೂ ಎಡದಿಂದ ಬಲಕ್ಕೆ ಹೋಗುವಂತೆ ಸಾಲು ಹಿಡಿಸಿದರು. ಚಾನೆಲ್ ಮೇಲಿನ ಮೆಟ್ಟಿಲು ಮೊಮ್ಮಗು ಓಡಿದರೆ ಅದುರುತ್ತಿತ್ತು, ಅಡಿಗೆ ಪ್ಲೈ ತುಂಡು ಸಿಕ್ಕಿಸಿದೆವು. ಪುಲ್‌ಔಟ್ ಅನ್ನೋ ಮಹಾ ಐಡಿಯಾ ಅಲ್ಲಿಗೆ ಮುಗಿಯಿತು.

ಹಬ್ಬ ಕಳೆದ ಮೇಲೂ ಟಿವಿ ಆ ಗೋಡೆಗೆ ವಾಪಸ್ ಹೋಗಲಿಲ್ಲ. ಎದುರಿನ ಸಣ್ಣ ಗೋಡೆಗೆ ಹೋಯಿತು, ನನ್ನ ಕನ್ಸೋಲ್ ಮೇಲೆ ಈಗ ಹಿತ್ತಾಳೆ ಉರುಳಿ, ಚನ್ನಪಟ್ಟಣದ ಒಂದು ಜೋಡಿ ಗೊಂಬೆ ಇವೆ. ಹಾಲೆ ಮರದ ಮೇಲೆ ಅರಗಿನ ಹಳದಿ, ಕೆಂಪು. ಕುಶನ್ ಬಣ್ಣವನ್ನು ಸೊಸೆ ಆ ಗೊಂಬೆಯಿಂದಲೇ ಹೊಂದಿಸಿದಳು. ಮೂಡ್‌ಬೋರ್ಡ್‌ನ ಬೀಜ್‌ಗಿಂತ ಎಷ್ಟೋ ಮೇಲು ಅಂತ ನನಗನ್ನಿಸಿತು, ಆಫೀಸಿನಲ್ಲಿ ಹೇಳಲಿಲ್ಲ.

ಈಗ ನಾನು ಟ್ಯಾಬ್ ತೆಗೆಯುವ ಮುಂಚೆ "ಅಟ್ಟದ ಮೇಲೆ ಏನಿದೆ ತೋರಿಸಿ" ಅಂತೀನಿ. ಟ್ರಂಕ್ ಇಳಿಸಿ, ಅತಿ ಎತ್ತರದ ಗೊಂಬೆಗೆ ಟೇಪ್ ಹಿಡಿಯುತ್ತೇನೆ. ಮೆಟ್ಟಿಲು ಮೂರೋ ಐದೋ ಏಳೋ ಅಂತ ಹಿರಿಯರನ್ನೇ ಕೇಳುತ್ತೇನೆ, ಆಳ ಹನ್ನೊಂದು ಇಂಚಿಗೆ ಕಮ್ಮಿ ಮಾಡುವುದಿಲ್ಲ. ಟ್ರಂಕ್ ಇಲ್ಲದ, ಹೊಸದಾಗಿ ಶುರುಮಾಡುವವರಿಗೆ ದಸರಾ ಹೊತ್ತಿಗೆ ಮೈಸೂರಿನ ಬೊಂಬೆ ಮನೆ ಪ್ರದರ್ಶನಕ್ಕೆ ಹೋಗಿ ಬನ್ನಿ ಅಂತೀನಿ. ಕಿನ್ನಾಳದ ಗೊಂಬೆಯ ಬಣ್ಣ ಕಣ್ಣಾರೆ ನೋಡಿದವರು ಆಮೇಲೆ ಗೋಡೆಗೆ ಬೂದು ಕೇಳುವುದು ಅಪರೂಪ.

ಕಂಪನಿ ಕಲಿತದ್ದು ಬೇರೆ. ಆ ಮನೆಯ ಫೋಟೋ ಮಾರ್ಕೆಟಿಂಗ್ ಕೈಗೆ ಸಿಕ್ಕಿ, ಈ ವರ್ಷದ ಬಿಒಕ್ಯೂ ಅನ್ನೋ ಐಟಂ-ದರ ಪಟ್ಟಿಯಲ್ಲಿ 'ಹೆರಿಟೇಜ್ ಸಿಲ್ಕ್ ಬ್ಯಾಕ್‌ಡ್ರಾಪ್' ಅಂತ ಹೊಸ ಲೈನ್ ಐಟಂ ಸೇರಿದೆ. ಜಿಎಸ್‌ಟಿ ಪ್ರತ್ಯೇಕ. ಸದ್ಯ ನನ್ನ ಒಂದು ಪ್ರಾಜೆಕ್ಟ್ ಡ್ರಾಯಿಂಗ್ ಹೋಲ್ಡ್‌ನಲ್ಲಿದೆ. ಕ್ಲೈಂಟ್‌ನ ಗೊಂಬೆಗಳು ದಾವಣಗೆರೆಯ ಅತ್ತೆ ಮನೆಯ ಅಟ್ಟದಲ್ಲಿವೆ, ಇಳಿಸಿಕೊಡೋರು ಯಾರೂ ಇಲ್ಲವಂತೆ. ಮ್ಯಾನೇಜರ್ ದಿನಾ ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ ಕೇಳುತ್ತಾರೆ, ಅಂದಾಜು ಹಾಕಿ ರಿಲೀಸ್ ಮಾಡಬಾರದಾ ಅಂತ. ಅಳತೆ ಬಂದಿಲ್ಲ ಸರ್ ಅಂತೀನಿ.