ಕಡಪ ಕಲ್ಲಿಗೆ ಸೀಲರ್, ಚಿರೆಕಲ್ಲಿಗೆ ಬೇಡ

ಜನವರಿ 18, 2025, ಶನಿವಾರ
ಕಾರವಾರ

ಅಡುಗೆಕಟ್ಟೆಯ ಕಡಪ ಕಲ್ಲಿಗೆ ಇವತ್ತು ಸೀಲರ್ ಹಚ್ಚಿದೆ. ಸೀಲರ್ ಅಂದರೆ ಕಲ್ಲಿನೊಳಗೆ ಇಂಗಿ, ಕಲೆ ಬೇಗ ಇಳಿಯದಂತೆ ಮಾಡುವ ದ್ರವ. ಈ ಕೆಲಸಕ್ಕೆ ಜನವರಿಯೇ ಒಳ್ಳೆಯದು. ನಮ್ಮ ಮಳೆಗಾಲದಲ್ಲಿ ಕಲ್ಲು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇದ್ದೇ ಇರುತ್ತದೆ. ತೇವ ಕುಡಿದ ಕಲ್ಲು ಸೀಲರ್ ಕುಡಿಯುವುದಿಲ್ಲ.

ಮೊದಲು ಅಲ್ಲಲ್ಲಿ ನೀರು ಹನಿಸಿ ನೋಡಿದೆ. ಒಲೆಯ ಪಕ್ಕದಲ್ಲಿ ಹನಿ ಸ್ವಲ್ಪ ಹೊತ್ತಿನಲ್ಲೇ ಇಂಗಿ, ಬಿಲ್ಲೆಯಷ್ಟು ಅಗಲ ಕಪ್ಪಾಯಿತು. ಹೊಸ್ತಿಲ ಗ್ರಾನೈಟಿನ ಮೇಲೆ ಹನಿ ಹಾಗೇ ಉಬ್ಬಿಕೊಂಡು ನಿಂತಿತ್ತು. ಅದಕ್ಕೆ ಸೀಲರ್ ಹಚ್ಚಿದರೆ ದುಡ್ಡು ದಂಡ.

ಎಣ್ಣೆ ಕಲೆ ಇದ್ದಲ್ಲಿ ನಿನ್ನೆಯೇ ಅಡುಗೆ ಸೋಡಾ ಕಲಸಿ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಕೆರೆದು ತೆಗೆದಾಗ ಮುಕ್ಕಾಲು ಪಾಲು ಕಲೆ ಹೋಗಿತ್ತು. ಕಲೆ ತೆಗೆಯದೆ ಸೀಲರ್ ಹಚ್ಚಿದರೆ ಅದು ಒಳಗೇ ಉಳಿದುಬಿಡುತ್ತದೆ.

ಹಚ್ಚುವುದು ಸುಲಭ, ಒರೆಸುವುದರಲ್ಲೇ ಎಲ್ಲ ಇರುವುದು. ಮೂಲೆಯಲ್ಲಿ ಅಂಗೈಯಗಲ ಹಚ್ಚಿ ಬಣ್ಣ ಬದಲಾಗುತ್ತದೋ ಎಂದು ನೋಡಿಕೊಂಡೆ. ಆಮೇಲೆ ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಸವರುತ್ತಾ ಹೋದೆ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಕಲ್ಲು ಕುಡಿಯಲಿ ಎಂದು ಬಿಟ್ಟು, ಮಿಕ್ಕಿದ್ದನ್ನು ಒಣಗುವ ಮೊದಲೇ ಒಣಬಟ್ಟೆಯಲ್ಲಿ ತಿಕ್ಕಿ ತೆಗೆದೆ. ಅಲ್ಲೇ ಒಣಗಿದರೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ ಕಟ್ಟುತ್ತದೆ. ಕಿಟಕಿ ತೆರೆದೇ ಇರಬೇಕು, ವಾಸನೆ ಜೋರು.

"ಇನ್ನು ಹುಳಿ ಬಿದ್ರೂ ಅಡ್ಡಿಲ್ಲ ಅಲ್ವಾ?" ಎಂದು ಆಯಿ ಕೇಳಿದಳು.

ಅಡ್ಡಿ ಇದೆ. ಇದನ್ನು ಎಲ್ಲರೂ ತಿಳಿದಿರಬೇಕು. ಕಡಪ ಕಲ್ಲು, ಮಾರ್ಬಲ್ ಎರಡೂ ಸುಣ್ಣದ ಜಾತಿಯವು. ಹುಣಸೆ, ನಿಂಬೆ, ಮುರುಗಲು ಯಾವುದೇ ಹುಳಿ ತಾಗಿದರೂ ಕಲ್ಲಿನ ಮೈಯೇ ತಿನ್ನಿಹೋಗಿ ಹೊಳಪು ಮಾಸುತ್ತದೆ. ಅದು ಕಲೆಯಲ್ಲ, ಗಾಯ. ಸೀಲರ್ ಎಣ್ಣೆ, ಅರಿಶಿನ ಇಳಿಯುವುದನ್ನು ನಿಧಾನ ಮಾಡುತ್ತದೆ, ಒರೆಸಲು ಸಮಯ ಕೊಡುತ್ತದೆ, ಅಷ್ಟೇ. ಮೀನುಸಾರಿಗೆ ಮುರುಗಲು ನೆನೆಹಾಕುವ ಬಟ್ಟಲಿನ ಕೆಳಗೆ ಇನ್ನು ಮೇಲೆ ತಟ್ಟೆ ಇರಲೇಬೇಕು. ಆ್ಯಸಿಡ್ ಬಾಟಲಿಯನ್ನಂತೂ ಈ ಕಲ್ಲಿನ ಹತ್ತಿರ ತರಲೇಬಾರದು. ಒರೆಸಲು ಸೌಮ್ಯ ಸೋಪಿನ ನೀರು ಸಾಕು.

ಸಂಜೆ ಪಕ್ಕದ ಮನೆಯ ಅಣ್ಣ ಬಂದಿದ್ದರು. ಅವರ ಚಿರೆಕಲ್ಲಿನ (ಜಂಬಿಟ್ಟಿಗೆಯ) ಪಾಗಾರಕ್ಕೆ, ಅಂದರೆ ಕಾಂಪೌಂಡ್ ಗೋಡೆಗೆ, ವಾರ್ನಿಷ್ ಹೊಡೆಸುವ ಯೋಚನೆಯಂತೆ. ಮಿಂಚುತ್ತದೆ, ಹಾವಸೆ ಹಿಡಿಯುವುದಿಲ್ಲ ಎಂದು ಯಾರೋ ಹೇಳಿದ್ದಾರೆ. ಬೇಡವೇ ಬೇಡ ಅಂದೆ. ಚಿರೆಕಲ್ಲಿನ ಮೈತುಂಬ ತೂತು. ನೆಲದ ತೇವ ಬುಡದಿಂದ ಏರುತ್ತಲೇ ಇರುತ್ತದೆ, ಜೊತೆಗೆ ಸಮುದ್ರದ ಉಪ್ಪು. ಮೇಲೆ ಪೊರೆ ಬಳಿದರೆ ತೇವ ಹೊರಬರಲು ದಾರಿಯಿಲ್ಲ. ಉಪ್ಪು ಒಳಗೇ ಹರಳುಗಟ್ಟಿ ಪೊರೆಯನ್ನೂ ಕಲ್ಲನ್ನೂ ಸೇರಿಸಿ ಉದುರಿಸುತ್ತದೆ. ಹಚ್ಚಲೇಬೇಕಿದ್ದರೆ ಒಳಗೆ ಇಂಗುವ, ಆವಿಯನ್ನು ತಡೆಯದ ಸೀಲರ್ ಕೇಳಿ ತರಬೇಕು. ಅದಕ್ಕಿಂತ ಮೊದಲು ಪಾಗಾರದ ತಲೆಯ ಮೇಲೆ ನೀರು ನಿಲ್ಲದ ಹಾಗೆ ಇಳಿಜಾರಾಗಿ ಗಿಲಾಯಿ (ಗಾರೆ) ಮಾಡಿಸಿ ಎಂದೆ. ನಾಳೆ ಮೇಸ್ತ್ರಿಯ ಹತ್ತಿರ ಅದನ್ನೇ ಕೇಳುತ್ತಾರಂತೆ.