ಗೋಕರ್ಣದಲ್ಲಿ ಮೀನೂಟ ಮಾಡೋದಾದರೆ ಬೀಚ್ ಬಿಟ್ಟು ಊರೊಳಗೆ ಬನ್ನಿ

ಮಂಗಳೂರಿನಿಂದ ಗೋವಾಕ್ಕೆ ಕಾರಲ್ಲಿ ಹೋಗುವವರು ಮಧ್ಯಾಹ್ನದ ಊಟಕ್ಕೆ ಗೋಕರ್ಣಕ್ಕೆ ಹೊಕ್ಕು ಹೋಗಬಹುದು. ಹೆದ್ದಾರಿ 66ರಲ್ಲಿ ಮಾದನಗೇರಿ ಹತ್ತಿರ ಎಡಕ್ಕೆ ತಿರುಗಿದರೆ ಸುಮಾರು 10 ಕಿ.ಮೀ. ಅಷ್ಟೇ. ಆದರೆ ಎಲ್ಲಿ ಉಣ್ಣುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ನಾವು ಹೋಗಿದ್ದು ಕುಡ್ಲೆ ಬೀಚಿನ ಒಂದು ಶ್ಯಾಕ್‌ಗೆ. ಮೆನುವಿನಲ್ಲಿ ಹಮ್ಮಸ್, ಪ್ಯಾನ್‌ಕೇಕ್, ಪಾಸ್ತಾ ಎಲ್ಲಕ್ಕೂ ದರ ಇದೆ, ಇಸ್ವಾಣ ಮೀನಿನ ಮುಂದೆ ಮಾತ್ರ ‘ಸೈಜ್ ಪ್ರಕಾರ’ ಅಂತ ಬರೆದಿದೆ. ಹುಡುಗ ತಟ್ಟೆಯಲ್ಲಿ ಒಂದು ತುಂಡು ತಂದು ತೋರಿಸಿದ, ರೇಟು ಕೇಳಿದರೆ ‘ಜಾಸ್ತಿ ಆಗಲ್ಲ ಸರ್’ ಅಂದು ಒಳಗೆ ಹೋದವನು ಮುಕ್ಕಾಲು ಗಂಟೆ ಪತ್ತೆ ಇಲ್ಲ. ಕೊನೆಗೆ ಬಂದ ಮೀನು ಮೇಲೆ ಕರಕಲು, ಮುಳ್ಳಿನ ಹತ್ತಿರ ಹಸಿ. ಬಿಲ್ಲಿನಲ್ಲಿ ಆ ಒಂದು ತುಂಡಿಗೇ 900 ರೂಪಾಯಿ! ಅನ್ನಕ್ಕೆ ಬೇರೆ ದುಡ್ಡು. ಅಲ್ಲಿ ಕೂರಲೇಬೇಕು ಅನ್ನಿಸಿದರೆ ನಿಂಬೆ ಸೋಡಾ ಕುಡಿದು ಎದ್ದುಬಿಡಿ. ಮೀನೇ ಬೇಕಾದರೆ ಒಲೆಗೆ ಹಾಕುವ ಮೊದಲು ರೇಟನ್ನು ಬಾಯಿಬಿಟ್ಟು ಹೇಳಿಸಿ.

ಮಾರನೇ ದಿನದ ಬಗ್ಗೆ ಹೇಳುವಂಥದ್ದೇನಿಲ್ಲ. ಹೊರಡುವ ದಿನ ಬಸ್ ಸ್ಟ್ಯಾಂಡ್ ಕಡೆ ಒಂದು ಸಂದಿಯಲ್ಲಿ ಉಂಡೆವು ನೋಡಿ, ಅದು ಊಟ. ಬಣ್ಣ ಹೋದ ಬೋರ್ಡು, ಸ್ಟೀಲ್ ಟೇಬಲ್, ಗುಂಯ್ ಅನ್ನುವ ಫ್ಯಾನು. ಮೆನು ಕಾರ್ಡೇ ಇಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಲೋಟದಲ್ಲಿ ತಿಳಿ ಗುಲಾಬಿ ಬಣ್ಣದ ಕೋಕಂ ಕಡಿ. ಸಾರಿಗೆ ಜುಮ್ಮನಕಾಯಿ ಜಜ್ಜಿ ಹಾಕಿದ್ದರು, ಮೊದಲ ತುತ್ತಿಗೇ ನಾಲಿಗೆ ತುದಿ ಸಣ್ಣಗೆ ಜುಮ್ ಅಂತು. ತೆಂಗಿನಕಾಯಿ ಎಷ್ಟು ನುಣ್ಣಗೆ ರುಬ್ಬಿದ್ದರೆಂದರೆ ಬೆರಳಿಗೆ ಒಂದು ಚೂರೂ ಸಿಗಲಿಲ್ಲ. ಚಿಪ್ಪಿಕಲ್ಲಿನ ಸುಕ್ಕಾ ಇದೆಯಾ ಅಂದೆ. ಬಡಿಸುತ್ತಿದ್ದ ಅಕ್ಕ ಗಲ್ಲಾದ ಕಡೆ ತಿರುಗಿ ಏನೋ ಕೊಂಕಣಿಯಲ್ಲಿ ಕೂಗಿದರು, ಎರಡೇ ನಿಮಿಷಕ್ಕೆ ಬಿಸಿಬಿಸಿ ಬಂತು. ಅನ್ನ, ಸಾರು ಕೇಳಿದಷ್ಟು. ಇಬ್ಬರ ಊಟ, ಸುಕ್ಕಾ, ಮೇಲೊಂದು ಹುರಿದ ಬಂಗುಡೆ ಸೇರಿ 430 ರೂಪಾಯಿ. ನೊಣ ಇದೆ, ಎಸಿ ಇಲ್ಲ, ಜನ ಬಂದರೆ ಎದುರಿಗೆ ಅಪರಿಚಿತರನ್ನು ಕೂರಿಸುತ್ತಾರೆ. ನನಗೆ ಅದೇನೂ ದೊಡ್ಡದಲ್ಲ, ನಿಮಗೆ ಆಗದಿದ್ದರೆ ಬೇಡ ಬಿಡಿ. ಒಂದೂವರೆಯೊಳಗೆ ಹೋಗಿ, ಆಮೇಲೆ ಮೀನು ಖಾಲಿ.

ಮೀನು ತಿನ್ನದವರು ಮಹಾಬಲೇಶ್ವರ ದೇವಸ್ಥಾನದ ಊಟಕ್ಕೆ ಹೋಗಬಹುದು. ದರ್ಶನವೂ ಆಗಬೇಕೆಂದರೆ ಮೊದಲು ಅದನ್ನೇ ಮುಗಿಸಿ, ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ಸಂಜೆಯೇ. ಗಂಡಸರು ಪಂಚೆ ಇಟ್ಟುಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ತಟ್ಟೆಗೆ ಐಸ್ ಮೀನು ಬರುವುದೇ ಜಾಸ್ತಿ. ಆ ಸಮಯದಲ್ಲಿ ಬೀಚಿನ ಶ್ಯಾಕ್‌ಗಳೂ ಹೆಚ್ಚಿನವು ಮುಚ್ಚಿರುತ್ತವೆ. ಶಿವರಾತ್ರಿ, ಹೊಸ ವರ್ಷ, ಶನಿವಾರ ಸೇರಿದ ಮೂರು ದಿನದ ರಜೆ, ಇವುಗಳಲ್ಲಂತೂ ಊಟಕ್ಕೆಂದು ಇತ್ತ ತಿರುಗಲೇಬೇಡಿ. ರಥಬೀದಿಯ ಆಸುಪಾಸಿನಲ್ಲಿ ಕಾರು ಒಳಗೆ ತೆಗೆದುಕೊಂಡು ಹೋದರೆ ಹೊರಗೆ ತೆಗೆಯುವಷ್ಟರಲ್ಲಿ ಉಂಡಿದ್ದೆಲ್ಲ ಕರಗಿರುತ್ತದೆ. ಊರ ಹೊರಗೇ ನಿಲ್ಲಿಸಿ ನಡೆದು ಬನ್ನಿ. ಮೂರಕ್ಕೆ ಹೊರಟರೂ ಕಾರವಾರದಲ್ಲಿ ಸಂಜೆಯ ಚಹಾ ಕುಡಿಯಬಹುದು.