ಹಾಸ್ಟೆಲ್ಲಿನ ಎರಡು ಗಿಟಾರ್

2008ರ ನವೆಂಬರಿನಲ್ಲಿ ಭೀಮಸೇನ ಜೋಶಿಯವರಿಗೆ ಭಾರತರತ್ನ ಅಂತ ಸುದ್ದಿ ಬಂತು. ನಮ್ಮ ಧಾರವಾಡದ ಹಾಸ್ಟೆಲ್ಲಿನ ಗದಗದ ಹುಡುಗರು ತಮಗೇ ಬಂದಷ್ಟು ಖುಷಿಯಿಂದ ಲೈನ್ ಬಜಾರಿನ ಪೇಢೆ ಹಂಚಿದರು. ಪಕ್ಕದ ರೂಮಿನ ಇಬ್ಬರಿಗೆ ಮಾತ್ರ ಬೇರೆಯದೇ ಹುಚ್ಚು. ರಾತ್ರಿಯಿಡೀ ರೊಡ್ರಿಗೊ ಮತ್ತು ಗೇಬ್ರಿಯೆಲಾ ಅನ್ನೋ ಜೋಡಿಯ ಗಿಟಾರ್ ಕೇಳೋದು, ಅದನ್ನೇ ನುಡಿಸೋಕೆ ಒದ್ದಾಡೋದು.

ಈ ಜೋಡಿ ಮೆಕ್ಸಿಕೊ ಸಿಟಿಯದು. ಊರಲ್ಲಿ ಥ್ರ್ಯಾಶ್ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತದ ಬ್ಯಾಂಡಿನಲ್ಲಿದ್ದರು, ಏನೂ ಗಿಟ್ಟಲಿಲ್ಲ. 1999ರಲ್ಲಿ ಗಿಟಾರ್ ಹೊತ್ತುಕೊಂಡು ಐರ್ಲೆಂಡಿನ ಡಬ್ಲಿನ್‌ಗೆ ಹೋದರು. ಅಲ್ಲಿನ ಗ್ರಾಫ್ಟನ್ ಸ್ಟ್ರೀಟಿನಲ್ಲಿ ನಿಂತು ನುಡಿಸಿ ಚಿಲ್ಲರೆ ಕೂಡಿಸಿದವರ ಆಲ್ಬಮ್ 2006ರಲ್ಲಿ ಆ ದೇಶದ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಏರಿತು. ಡ್ರಮ್ಸ್ ಇಲ್ಲ, ಹಾಡೋರಿಲ್ಲ. ರೊಡ್ರಿಗೊ ರಾಗ ಎಳೆದರೆ ಗೇಬ್ರಿಯೆಲಾ ತಂತಿ ಮೀಟುತ್ತಲೇ ಅದೇ ಬಲಗೈಯಿಂದ ಗಿಟಾರಿನ ಮರ ಬಡಿದು ತಾಳ ಹಿಡಿಯುತ್ತಾಳೆ. ಮೊದಲ ಸಲ ಕೇಳಿದಾಗ ತಬಲಾ ಬಾರಿಸೋ ಮನೆಯಿಂದ ಬಂದ ನಮ್ಮ ಹುಡುಗನೊಬ್ಬ, "ಮೂರನೇದವ ಎಲ್ಲಿ ಕುಂತಾನಲೇ?" ಅಂತ ಕೇಳಿದ್ದ.

ನಮ್ಮವರೂ ಗ್ಯಾದರಿಂಗಿನಲ್ಲಿ ಹಾಗೇ ನುಡಿಸಿದರು. ಸಿತಾರ್ ಕೇಳಿ ಬೆಳೆದ ಊರಲ್ವಾ, ಜನ ತಲೆದೂಗುತ್ತಾರೆ ಅಂದುಕೊಂಡಿದ್ದೆವು. ಹಿಂದಿನ ಸಾಲಿನಿಂದ ಕೂಗು ಬಂತು: "ಹಾಡವ್ರು ಯಾವಾಗ ಬರ್ತಾರ?"

ಊರಿನವರಿಗೆ ಬೆಲೆ ಗೊತ್ತಿಲ್ಲ ಅಂತ ಆಗ ಸಿಕ್ಕಾಪಟ್ಟೆ ಬೈದಿದ್ದೆವು. ಈಗ ನನಗೆ ಹಾಗನಿಸೋದಿಲ್ಲ. ಮೆಕ್ಸಿಕೊದಲ್ಲೇ ಇದ್ದಿದ್ದರೆ ಆ ಇಬ್ಬರು ಇನ್ನೊಂದು ಮೆಟಲ್ ಬ್ಯಾಂಡ್ ಕಟ್ಟುತ್ತಿದ್ದರೇನೋ. ಪರದೇಶದ ಬೀದಿಯಲ್ಲಿ ಇದ್ದದ್ದು ಎರಡೇ ಗಿಟಾರ್, ಇರೋದರಲ್ಲೇ ಎಲ್ಲ ಹುಟ್ಟಿಸಬೇಕಿತ್ತು. ಹಾಗಂತ ಎಲ್ಲರೂ ಊರು ಬಿಡಬೇಕು ಅಂತಲೂ ಅಲ್ಲ. ಮಲ್ಲಿಕಾರ್ಜುನ ಮನ್ಸೂರರು ಧಾರವಾಡದಲ್ಲೇ ಇದ್ದರು. ಆದರೆ ಪದ್ಮವಿಭೂಷಣ ಬಂದದ್ದು 1992ರಲ್ಲಿ, ಅವರು ತೀರಿಕೊಂಡ ವರ್ಷ.

ನನಗೆ ಜಾಸ್ತಿ ಮಜಾ ಅನಿಸಿದ್ದು 2010ರ ಸಂಗತಿ. ಮೆಕ್ಸಿಕೊ ಅಧ್ಯಕ್ಷರಿಗೆ ಒಬಾಮಾ ಶ್ವೇತಭವನದಲ್ಲಿ ಔತಣ ಕೊಟ್ಟರು, ಅಲ್ಲಿ ನುಡಿಸಿದ್ದು ಇದೇ ಜೋಡಿ. ತಮ್ಮ ಅಧ್ಯಕ್ಷರ ಮುಂದೆ ನುಡಿಸೋಕೆ ವಾಷಿಂಗ್ಟನ್‌ಗೆ ಹೋಗಬೇಕಾಯಿತು ನೋಡಿ!

2020ರಲ್ಲಿ ಇವರಿಗೆ ಗ್ರ್ಯಾಮಿ ಬಂತು. ನಮ್ಮ ಇಬ್ಬರಲ್ಲಿ ಒಬ್ಬ ಈಗ ದುಬೈನಲ್ಲಿ ಅಕೌಂಟೆಂಟ್, ಇನ್ನೊಬ್ಬ ಹಾವೇರಿಯಲ್ಲಿ ಬ್ಯಾಂಕ್ ನೌಕರ. ದುಬೈನವ ವಾಟ್ಸಾಪ್ ಗ್ರೂಪಿನಲ್ಲಿ ಬರೆದ: "ನಾವೂ ಡಬ್ಲಿನ್‌ಗೆ ಹೋಗಬೇಕಿತ್ತಲೇ." ಹಾವೇರಿಯಿಂದ ಉತ್ತರ ಬಂತು: "ಮೊದ್ಲ ಗಿಟಾರ್ ಶ್ರುತಿ ಮಾಡೂದು ಕಲಿ."